ಕಚೇರಿಗೆ ಒಂದೂವರೆಗೆ ಬಿಡುವು, ಸ್ಲ್ಯಾಬ್ ಮೇಲಿರುವವರಿಗೆ ಯಾವಾಗ?

ಸಂಪಾದಕರೇ,

ಏಪ್ರಿಲ್ ಬಂತೆಂದರೆ ನಮ್ಮ ಕಡೆ ಒಂದು ಸರ್ಕಾರಿ ಆದೇಶ ಹೊರಬೀಳುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳು, ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ನಿಮ್ಮ ಪತ್ರಿಕೆಯಲ್ಲೂ ಈ ಸುದ್ದಿ ತಪ್ಪದೆ ಬರುತ್ತದೆ. ಒಳ್ಳೆಯ ಆದೇಶ, ನನಗೇನೂ ತಕರಾರಿಲ್ಲ. ಇಲ್ಲಿನ ಮಧ್ಯಾಹ್ನ ಫ್ಯಾನಿನ ಕೆಳಗೆ ಕೂತವರಿಗೂ ಸುಲಭವಲ್ಲ. ಆದರೆ ಆ ಕಚೇರಿಯ ಪಕ್ಕದಲ್ಲೇ ಅದೇ ಸರ್ಕಾರದ ದುಡ್ಡಿನಲ್ಲಿ ಇನ್ನೊಂದು ಕಟ್ಟಡ ಏಳುತ್ತಿರುತ್ತದಲ್ಲ, ಅದರ ಮೇಲೆ ನಿಂತು ಕೆಲಸ ಮಾಡುವವರಿಗೆ ಈ ಆದೇಶ ಯಾಕಿಲ್ಲ?

ನಾನು ಕಲಬುರಗಿಯಲ್ಲಿ ಕಟ್ಟಡ ಕೆಲಸದ ಸೂಪರ್‌ವೈಸರ್. ಸರ್ಕಾರಿ ಕೆಲಸವನ್ನೂ ನೋಡಿದ್ದೇನೆ, ಖಾಸಗಿ ಮನೆ, ಕಾಂಪ್ಲೆಕ್ಸ್ ಕೆಲಸವನ್ನೂ ನೋಡಿದ್ದೇನೆ. ಬೇಸಿಗೆಯಲ್ಲಿ ನಡೆಯುವುದು ಹೀಗೆ. ಇಲಾಖೆಯ ಎಂಜಿನಿಯರ್ ಬೆಳಿಗ್ಗೆ ಎಂಟೂವರೆಗೆ ಸೈಟಿಗೆ ಬರುತ್ತಾರೆ, ಕಂಬಿ ಕಟ್ಟಿದ್ದು ನೋಡುತ್ತಾರೆ, ಅಳತೆ ತೆಗೆದುಕೊಳ್ಳುತ್ತಾರೆ, "ಇವತ್ತು ಸಂಜೆಯೊಳಗೆ ಸ್ಲ್ಯಾಬ್ ಮುಗಿಸಿ" ಎಂದು ಹೇಳಿ ಹೋಗುತ್ತಾರೆ. ಒಂದೂವರೆಗೆ ಅವರ ಡ್ಯೂಟಿ ಮುಗಿಯುತ್ತದೆ. ನಮ್ಮ ಜನ ಊಟ ಮಾಡಿ ಎರಡು ಗಂಟೆಗೆ ಮತ್ತೆ ಮೇಲೆ ಹತ್ತುತ್ತಾರೆ. ಅಧಿಕಾರಿಯನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವರಿಗೆ ಆದೇಶ ಇದೆ, ಇವರಿಗೆ ಇಲ್ಲ, ಅಷ್ಟೇ.

ಎರಡು ಗಂಟೆಗೆ ಸ್ಲ್ಯಾಬ್ ಮೇಲೆ ಹೇಗಿರುತ್ತದೆ ಎಂದು ನೋಡದವರಿಗೆ ಹೇಳಬೇಕು. ಸೆಂಟ್ರಿಂಗಿಗೆ, ಅಂದರೆ ಸ್ಲ್ಯಾಬಿನ ಅಚ್ಚಿಗೆ, ಹಾಕಿದ ಕಬ್ಬಿಣದ ಶೀಟಿನ ಮೇಲೆ ಬರಿಗೈ ಇಡಲು ಆಗುವುದಿಲ್ಲ. ತೆಳು ಚಪ್ಪಲಿ ಹಾಕಿಕೊಂಡವರು ಒಂದು ಕಡೆ ನಿಲ್ಲದೆ ಕಾಲು ಬದಲಿಸುತ್ತಲೇ ಇರುತ್ತಾರೆ. ಕಂಬಿ ಕಟ್ಟುವ ಹುಡುಗರು ಕೈಗೆ ಹರಿದ ಬನಿಯನ್ ಸುತ್ತಿಕೊಂಡು ಬೈಂಡಿಂಗ್ ವೈರ್ ತಿರುಗಿಸುತ್ತಾರೆ. ಮೇಲಿನಿಂದ ಬಿಸಿಲು, ಕೆಳಗಿನಿಂದ ಶೀಟಿನ ಝಳ, ಪಕ್ಕದಲ್ಲಿ ಮಿಕ್ಸರ್ ಯಂತ್ರದ ಹೊಗೆ. ಕುಡಿಯುವ ನೀರು ಎಲ್ಲಿದೆ ಎಂದು ನೋಡಿದರೆ, ಕೆಳಗೆ ಬಿಸಿಲಲ್ಲೇ ಇಟ್ಟ ಕಪ್ಪು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಮಗ್ಗು ಅದ್ದಿ ಬಾಯಿಗೆ ಹಾಕಿಕೊಂಡರೆ ಸ್ನಾನದ ನೀರಿನಷ್ಟು ಬಿಸಿ. ಅಂಥ ನೀರನ್ನು ಯಾರು ತಾನೇ ಹೊಟ್ಟೆ ತುಂಬ ಕುಡಿಯುತ್ತಾರೆ? ಒಂದು ಗುಟುಕು ಕುಡಿದು, ಉಳಿದಿದ್ದನ್ನು ಮುಖಕ್ಕೆ ಎರಚಿಕೊಂಡು ಹೋಗುತ್ತಾರೆ.

ಪೇಪರಿನಲ್ಲಿ "ಕಲಬುರಗಿ 42 ಡಿಗ್ರಿ" ಎಂದು ಬರುತ್ತದೆ. ಅದು ನೆರಳಿನ ಲೆಕ್ಕ. ಹವಾಮಾನ ಇಲಾಖೆಯವರು ಥರ್ಮಾಮೀಟರನ್ನು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೇರ ಬಿಸಿಲು ಬೀಳದ ಹಾಗೆ ಇಟ್ಟು ಅಳೆಯುತ್ತಾರೆ, ಅಳೆಯಬೇಕಾದದ್ದೂ ಹಾಗೆಯೇ. ಆದರೆ ನಮ್ಮ ಜನ ಆ ಪೆಟ್ಟಿಗೆಯೊಳಗೆ ಕೆಲಸ ಮಾಡುವುದಿಲ್ಲವಲ್ಲ. ಇನ್ನೊಂದು ವಿಚಿತ್ರ ಇದೆ. ಬಯಲು ಸೀಮೆಯಲ್ಲಿ ಬಿಸಿಗಾಳಿ ಎಂದು ಘೋಷಿಸಬೇಕಾದರೆ ಉಷ್ಣಾಂಶ ಕನಿಷ್ಠ 40 ಮುಟ್ಟಬೇಕು, ಜೊತೆಗೆ ಆ ಊರಿನ ವಾಡಿಕೆಗಿಂತ 4.5 ಡಿಗ್ರಿಯಾದರೂ ಜಾಸ್ತಿ ಇರಬೇಕು. ಇಲ್ಲವೇ ನೇರವಾಗಿ 45 ಮುಟ್ಟಬೇಕು. ನಮ್ಮಲ್ಲಿ ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು. ಹಾಗಾಗಿ 43 ಡಿಗ್ರಿಯಲ್ಲಿ ಬೆಂದರೂ ಕಾಗದದ ಮೇಲೆ ಅದು ಬಿಸಿಗಾಳಿ ಆಗದೇ ಹೋಗಬಹುದು. ವಾಡಿಕೆ ಎಂದರೆ ಊರಿಗೆ ವಾಡಿಕೆ, ಮೈಗೆ ಅಲ್ಲ. ಆದ್ದರಿಂದ "ಬಿಸಿಗಾಳಿ ಎಚ್ಚರಿಕೆ ಬಂದಾಗ ಕೆಲಸ ನಿಲ್ಲಿಸಿ" ಎನ್ನುವ ಸಲಹೆ ಬೇರೆ ಊರಿಗೆ ಸರಿಹೋಗಬಹುದೇನೋ, ನಮಗೆ ಸಾಲದು. ನಮಗೆ ಬೇಕಾಗಿರುವುದು ಎರಡು ತಿಂಗಳು ಪೂರ್ತಿ ನಡೆಯುವ ವೇಳಾಪಟ್ಟಿ. ಕಚೇರಿಗೆ ಕೊಟ್ಟಿದ್ದಾರಲ್ಲ, ಹಾಗೆ.

ಕಾಂಕ್ರೀಟಿನ ವಿಷಯ ಹೇಳುತ್ತೇನೆ ಕೇಳಿ. ಬಿಸಿಲಿನಲ್ಲಿ ಕಾಂಕ್ರೀಟ್ ಹಾಕುವುದಕ್ಕೆ ಭಾರತೀಯ ಮಾನಕ ಇದೆ, ಐಎಸ್ 7861, ಮೊದಲ ಭಾಗ. 1975ರಿಂದಲೂ ಇದೆ. ವಾತಾವರಣ 40 ಡಿಗ್ರಿ ದಾಟಿದರೆ ಕಾಂಕ್ರೀಟಿಗೆ ವಿಶೇಷ ಜೋಪಾನ ಬೇಕು ಎನ್ನುತ್ತದೆ ಅದು. ಜಲ್ಲಿಗೆ ನೆರಳು ಮಾಡಿ, ಜಲ್ಲಿಯ ಮೇಲೆ ನೀರು ಚಿಮುಕಿಸಿ, ತಣ್ಣೀರು ಬಳಸಿ, ಬೇಕಾದರೆ ಐಸ್ ಹಾಕಿ, ಸಾಧ್ಯವಾದರೆ ಹೊತ್ತು ತಂಪಿರುವಾಗ ಹಾಕಿ. ಹಾಕಿದ ಮೇಲೆ ಗೋಣಿಚೀಲ ಹೊದಿಸಿ, ಒಣಗದ ಹಾಗೆ ದಿನಕ್ಕೆ ಮೂರು ನಾಲ್ಕು ಸಲ ನೀರು ಹೊಡೆಯುತ್ತೇವೆ. ಇದಕ್ಕೇ ಕ್ಯೂರಿಂಗ್ ಎನ್ನುವುದು, ಅದು ಸರಿ ಆಗಿಲ್ಲ ಎಂದರೆ ಬಿಲ್ ನಿಲ್ಲುತ್ತದೆ. ಸ್ಲ್ಯಾಬ್ ಬಿರುಕು ಬಿಟ್ಟರೆ ನೋಟಿಸ್ ಬರುತ್ತದೆ. ಇದೆಲ್ಲ ಆಗಲೇಬೇಕು, ಕಟ್ಟಡ ಗಟ್ಟಿ ಇರಬೇಕು. ಆದರೆ ಅದೇ 40 ಡಿಗ್ರಿಯಲ್ಲಿ ಆ ಕಾಂಕ್ರೀಟ್ ಹೊರುವ ಹೆಣ್ಣುಮಗಳಿಗೆ ನೆರಳು, ತಣ್ಣೀರು, ತಂಪು ಹೊತ್ತು ಕೊಟ್ಟಿದ್ದಾರೋ ಇಲ್ಲವೋ ಎಂದು ಕೇಳಿ ಬಿಲ್ ನಿಲ್ಲಿಸಿದ್ದನ್ನು ನಾನು ಇದುವರೆಗೆ ನೋಡಿಲ್ಲ.

ಹಿಂದೊಂದು ಮೇ ತಿಂಗಳಲ್ಲಿ ನಮ್ಮ ಸೈಟಿನಲ್ಲಿ ಒಬ್ಬ ಹುಡುಗ ಬಿದ್ದ. ಯಾದಗಿರಿ ಕಡೆಯವನು, ಕಂಬಿ ಕೆಲಸಕ್ಕೆ ಹೊಸಬ. ಮೂರು ಗಂಟೆ ಹೊತ್ತಿಗೆ ಕಟ್ಟಿದ್ದನ್ನೇ ಮತ್ತೆ ಕಟ್ಟತೊಡಗಿದ. ಏನೋ ಕೇಳಿದರೆ ಇನ್ನೇನೋ ಹೇಳಿದ. ನಡೆಯುವಾಗ ಓಲಾಡುತ್ತಿದ್ದ. ಜೊತೆಯವರು ನಕ್ಕರು, "ಯಾಕಪಾ, ಬೆಳಿಗ್ಗಿನೇ ಹಾಕ್ಕೊಂಡು ಬಂದೀಯೇನು?" ಎಂದು. ಒಬ್ಬ ಅವನನ್ನು ಗೋಡೆ ನೆರಳಿಗೆ ಕರೆದುಕೊಂಡು ಹೋಗಿ ಮಲಗಿಸಿದ, ನಿದ್ದೆ ಮಾಡಿದರೆ ಇಳಿಯುತ್ತದೆ ಎಂದು. ಪುಣ್ಯಕ್ಕೆ ಮಾಲು ಹೊರುವ ಹಿರಿಯ ಹೆಂಗಸೊಬ್ಬರು ಅವನ ಎದೆಯ ಮೇಲೆ ಕೈಯಿಟ್ಟು ನೋಡಿದರು. "ಕುಡದಿಲ್ರೋ ಅವ, ಬಿಸಲ ಬಡದದ, ಪೈಪ್ ತರ್ರಿ!" ಎಂದು ಕೂಗಿದರು. ಕ್ಯೂರಿಂಗ್ ಪೈಪ್ ಅಲ್ಲೇ ಇತ್ತು. ಮೊದಲು ಬಂದದ್ದು ಬಿಸಿನೀರು, ಬಿಸಿಲಿಗೆ ಬಿದ್ದ ಪೈಪಲ್ಲವೇ. ಅದನ್ನು ಪಕ್ಕಕ್ಕೆ ಹರಿಯಬಿಟ್ಟು, ತಣ್ಣಗಾದ ಮೇಲೆ ಅಂಗಿ ಬಿಚ್ಚಿ ತಲೆ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಬಿಟ್ಟರು. ಇಬ್ಬರು ಸಿಮೆಂಟ್ ಚೀಲದಿಂದ ಗಾಳಿ ಬೀಸಿದರು. 108 ಬರುವಷ್ಟರಲ್ಲಿ ಹೆಸರು ಹೇಳುವಷ್ಟು ಎಚ್ಚರ ಬಂದಿತ್ತು. ಆಸ್ಪತ್ರೆಯಲ್ಲಿ ಉಳಿದುಕೊಂಡ.

ಇದನ್ನು ಇಷ್ಟು ಉದ್ದಕ್ಕೆ ಬರೆದದ್ದು ಯಾಕೆಂದರೆ, ಬಿಸಿಲು ಬಡಿದವನನ್ನು ಕುಡಿದವನೆಂದು ತಿಳಿದು ಮಲಗಿಸುವುದು ಎಲ್ಲ ಸೈಟಿನಲ್ಲೂ ಆಗುತ್ತದೆ. ಮೈಯೊಳಗಿನ ಬಿಸಿ 37ರಿಂದ ಏರುತ್ತ 40 ದಾಟಿದರೆ ಮೊದಲು ಕೆಡುವುದು ತಲೆ. ಮಾತು ತೊದಲುತ್ತದೆ, ಸಿಟ್ಟು ಬರುತ್ತದೆ, ನಡಿಗೆ ತಪ್ಪುತ್ತದೆ, ಆಮೇಲೆ ಫಿಟ್ಸ್, ಎಚ್ಚರ ತಪ್ಪುವುದು. ಚರ್ಮ ಒಣಗಿದ್ದರೆ ಮಾತ್ರ ಬಿಸಿಲಿನ ಹೊಡೆತ ಎಂದು ಹಲವರು ಹೇಳುತ್ತಾರೆ. ದುಡಿಯುವವರಲ್ಲಿ ಹಾಗಲ್ಲ, ಬೆವರು ಸುರಿಯುತ್ತಿದ್ದರೂ ಹೊಡೆತ ಬಿದ್ದಿರಬಹುದು. ಬರೀ ಸುಸ್ತು, ತಲೆಸುತ್ತು, ವಾಂತಿ, ಕಾಲಿನ ಸ್ನಾಯು ಹಿಡಿತ ಇದ್ದು ಮಾತು ಸರಿಯಿದ್ದರೆ ನೆರಳು, ನೀರು, ವಿಶ್ರಾಂತಿಯಲ್ಲಿ ಸರಿಹೋಗಬಹುದು, ಆದರೂ ಒಬ್ಬನೇ ಬಿಡಬಾರದು. ಮಾತು ತಪ್ಪಿತೋ, 108ಕ್ಕೆ ಫೋನ್ ಮಾಡಬೇಕು, ಆಂಬುಲೆನ್ಸ್ ಬರುವವರೆಗೆ ಕಾಯದೆ ಮೈ ತಣಿಸಬೇಕು. ಅರ್ಧ ಗಂಟೆಯೊಳಗೆ ಬಿಸಿ ಇಳಿದರೆ ಬದುಕುವ ಸಾಧ್ಯತೆ ತುಂಬ ಜಾಸ್ತಿ. ಎಚ್ಚರ ಇಲ್ಲದವನ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸಕ್ಕೆ ಹೋಗುತ್ತದೆ. ಜ್ವರದ ಮಾತ್ರೆ ಕೊಡಬಾರದು, ಇದು ಜ್ವರವಲ್ಲ, ಮಾತ್ರೆಗೆ ಇಳಿಯುವುದಿಲ್ಲ. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳುವುದು ನಮ್ಮ ಕಡೆ ರೂಢಿ. ಇಟ್ಟುಕೊಳ್ಳಲಿ ಬಿಡಿ, ಮಧ್ಯಾಹ್ನ ರೊಟ್ಟಿಗಾದರೂ ಆಗುತ್ತದೆ. ಅದನ್ನೇ ನಂಬಿ ಕೂರಬಾರದು ಅಷ್ಟೇ.

ಆ ಹುಡುಗ ಹೊಸಬ ಎಂದೆನಲ್ಲ, ಅದು ಸುಮ್ನೆ ಹೇಳಿದ್ದಲ್ಲ. ಬಿಸಿಲಿಗೆ ಮೈ ಒಗ್ಗುವುದಕ್ಕೆ ಒಂದರಿಂದ ಎರಡು ವಾರ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಜಾಸ್ತಿ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಕಳೆದುಕೊಳ್ಳುತ್ತದೆ. ಒಗ್ಗದವನಿಗೆ ಇದಾವುದೂ ಇಲ್ಲ. ಅಮೆರಿಕದಲ್ಲಿ ಬಿಸಿಲಿನಿಂದ ಸತ್ತ ಕೆಲಸಗಾರರ ಪ್ರಕರಣಗಳನ್ನು ನೋಡಿದವರು, ಅರ್ಧಕ್ಕಿಂತ ಹೆಚ್ಚು ಸಾವು ಕೆಲಸಕ್ಕೆ ಸೇರಿದ ಮೊದಲ ಕೆಲವೇ ದಿನಗಳಲ್ಲಿ ಆಗುತ್ತದೆ ಎಂದು ಕಂಡುಕೊಂಡಿದ್ದಾರೆ. ಅದಕ್ಕೇ ಅಲ್ಲಿನ ಸಲಹೆ: ಹೊಸಬನಿಗೆ ಮೊದಲ ದಿನ ಬಿಸಿಲಲ್ಲಿ ಶೇ 20ರಷ್ಟು ಕೆಲಸ ಮಾತ್ರ, ದಿನಕ್ಕೆ ಶೇ 20ರಂತೆ ಏರಿಸಿ. ಹಳಬ ಬಿಡುವು ಮುಗಿಸಿ ವಾಪಸ್ ಬಂದರೆ ಅವನಿಗೂ ಮೊದಲ ದಿನ ಅರ್ಧ ಕೆಲಸ. ನಮ್ಮಲ್ಲಿ ಆಗುವುದೇನು? ಮಾರ್ಚಿನಲ್ಲಿ ಶರಣಬಸವೇಶ್ವರ ಜಾತ್ರೆ, ಅದರ ಹಿಂದೆಯೇ ಯುಗಾದಿ. ಜನ ಊರಿಗೆ ಹೋಗಿ ಬರುತ್ತಾರೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆ ಮುಗಿಸಿದ ಹುಡುಗರು ಏಪ್ರಿಲಿನಲ್ಲಿ ಕೂಲಿಗೆ ಬರುತ್ತಾರೆ, ಮುಂದಿನ ಫೀಜಿಗೆ, ಒಂದು ಮೊಬೈಲಿಗೆ. ಅಂದರೆ ಬಿಸಿಲು ನೆತ್ತಿಗೇರುವ ಹೊತ್ತಿಗೆ ಸರಿಯಾಗಿ ಸೈಟಿನಲ್ಲಿ ಒಗ್ಗದ ಮೈಗಳೇ ಜಾಸ್ತಿ. ಹೊಸಬ ಎಂದ ತಕ್ಷಣ ಅವನಿಗೆ ಸಿಗುವುದು ಭಾರದ ಕೆಲಸ ಬೇರೆ. ಇಟ್ಟಿಗೆ ಹೊರು, ಜಲ್ಲಿ ತುಂಬು. ಮೇಸ್ತ್ರಿಗಳು ಇದೊಂದನ್ನು ಉಲ್ಟಾ ಮಾಡಿದರೆ ಸಾಕು, ಇದಕ್ಕೆ ಒಂದು ಪೈಸೆ ಖರ್ಚಿಲ್ಲ: ಮೊದಲ ವಾರ ಹೊಸಬನಿಗೆ ನೆರಳಿನ ಕೆಲಸ, ಜೊತೆಗೊಬ್ಬ ಹಳಬ.

ನೀರಿನ ಲೆಕ್ಕಕ್ಕೆ ಬರುತ್ತೇನೆ. ಬಿಸಿಲಲ್ಲಿ ದುಡಿಯುವವರು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಕಾಲು ಲೀಟರಿನಷ್ಟು ಕುಡಿಯಬೇಕು, ಬಾಯಾರಿಕೆ ಆಗುವವರೆಗೆ ಕಾಯಬಾರದು. ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಆಯಿತು. ಎಂಟು ಗಂಟೆಯ ಕೆಲಸಕ್ಕೆ ಒಬ್ಬರಿಗೆ ಆರರಿಂದ ಎಂಟು ಲೀಟರ್. ಮೂವತ್ತು ಜನರ ಸೈಟಿಗೆ ದಿನಕ್ಕೆ 200 ಲೀಟರ್ ಹತ್ತಿರ ಬರುತ್ತದೆ. 20 ಲೀಟರಿನ ಕ್ಯಾನ್ ಹತ್ತು. ಸಾಮಾನ್ಯವಾಗಿ ಬರುವುದು ಎರಡೋ ಮೂರೋ, ಅದರಲ್ಲೊಂದು ಆಫೀಸ್ ಶೆಡ್ಡಿಗೆ. ಹತ್ತು ಕ್ಯಾನಿನ ದುಡ್ಡು ಹೆಚ್ಚುಕಡಿಮೆ ಒಂದು ಚೀಲ ಸಿಮೆಂಟಿನ ದುಡ್ಡು. ದಿನಕ್ಕೆ ಒಂದು ಚೀಲ ಸಿಮೆಂಟ್ ನಮ್ಮ ಸೈಟುಗಳಲ್ಲಿ ಹರಿದು ಚೆಲ್ಲಿಯೇ ಹೋಗುತ್ತದೆ, ಯಾರೂ ಕೇಳುವುದಿಲ್ಲ. ನೀರು ಎಲ್ಲಿದೆ ಎನ್ನುವುದೂ ಮುಖ್ಯ. ಮೂರನೇ ಮಹಡಿಯಲ್ಲಿ ಕೆಲಸ ಮಾಡುವವನು ನೀರಿಗೆ ಕೆಳಗಿಳಿದು ಹತ್ತಿದರೆ ಮೇಸ್ತ್ರಿ ಗಡಿಯಾರ ನೋಡುತ್ತಾನೆ. ಕೆಲಸ ನಡೆಯುವ ಮಹಡಿಯಲ್ಲೇ, ನೆರಳಲ್ಲಿ, ಒದ್ದೆ ಗೋಣಿ ಸುತ್ತಿದ ಮಣ್ಣಿನ ಗಡಿಗೆ ಇಡಿ. ನಮ್ಮ ಕಡೆಯ ಒಣಹವೆಗೆ ಅದಕ್ಕಿಂತ ಒಳ್ಳೆಯ ಫ್ರಿಡ್ಜ್ ಇಲ್ಲ. ತುಂಬ ಬೆವರಿದಾಗ ಬರೀ ನೀರು ಸಾಲದು, ಉಪ್ಪೂ ಹೋಗಿರುತ್ತದೆ. ಉಪ್ಪು ಹಾಕಿದ ನೀರುಮಜ್ಜಿಗೆ, ಅಂಬಲಿ, ಇಲ್ಲವೇ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಳತೆ ತಪ್ಪಬಾರದು.

1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಕುಡಿಯುವ ನೀರಿನ ಬಗ್ಗೆ ಬರೆದಿದ್ದರು. ನೀರು ಇಡುವ ಜಾಗದಲ್ಲಿ ಅಲ್ಲಿನ ಹೆಚ್ಚಿನ ಜನಕ್ಕೆ ಅರ್ಥವಾಗುವ ಭಾಷೆಯಲ್ಲಿ 'ಕುಡಿಯುವ ನೀರು' ಎಂದು ಬರೆದಿರಬೇಕು, ಅದು ಶೌಚಾಲಯ, ಬಚ್ಚಲಿನಿಂದ 6 ಮೀಟರ್ ದೂರ ಇರಬೇಕು ಎಂದು. ಆರು ಮೀಟರ್ ದೂರ ಎಲ್ಲಿಂದ ಅಳೆಯುವುದು? ನಾನು ಕಂಡ ಎಷ್ಟೋ ಸೈಟುಗಳಲ್ಲಿ ಶೌಚಾಲಯವೇ ಇರಲಿಲ್ಲ. ನಗುವ ವಿಷಯ ಅಲ್ಲ ಇದು. ಹೆಣ್ಣುಮಕ್ಕಳು ನೀರು ಕುಡಿಯದಿರುವುದು ಇದೇ ಕಾರಣಕ್ಕೆ. ಬೆಳಿಗ್ಗೆ ಮನೆ ಬಿಡುವ ಮುಂಚೆ ಒಮ್ಮೆ, ಮತ್ತೆ ಕತ್ತಲಾದ ಮೇಲೆ. ನಡುವೆ ಹೋಗುವ ಜಾಗವಿಲ್ಲ ಎಂದು ಬೇಕಂತಲೇ ಬಾಯಿ ಕಟ್ಟುತ್ತಾರೆ. ಉರಿಮೂತ್ರ, ಕಿಡ್ನಿ ಕಲ್ಲು, ತಲೆಸುತ್ತು ಎಲ್ಲ ಅದರ ಹಿಂದೆಯೇ ಬರುತ್ತವೆ. "ಅವ್ವಾ, ನೀರು ಕುಡಿರಿ" ಎಂದು ಬೋರ್ಡ್ ಹಾಕಿದರೆ ಏನು ಉಪಯೋಗ? ಮೊದಲು ಬಾಗಿಲಿರುವ, ಒಳಗೆ ನೀರಿರುವ ಒಂದು ಶೌಚಾಲಯ ಕಟ್ಟಿ. ಸ್ಲ್ಯಾಬ್ ಹಾಕುವ ಸೈಟಿನಲ್ಲಿ ಇಟ್ಟಿಗೆಗೆ ಬರವೇ?

ಈಗ ಸಮಯದ ವಿಷಯ. ಬೆಳಿಗ್ಗೆ 6ಕ್ಕೆ ಶುರು ಮಾಡಿ 11ಕ್ಕೆ ನಿಲ್ಲಿಸುವುದು, ಸಂಜೆ 4ರಿಂದ 7 – ಎಂಟು ಗಂಟೆ ಆಯಿತು. ಹೇಳುವುದು ಸುಲಭ. ನಾನು ಹೇಳಿದಾಗ ಗಾರೆ ಕೆಲಸದ ಗೌಂಡಿಯೊಬ್ಬರು ಕೇಳಿದ್ದು ಹೀಗೆ: "ಸಾಹೇಬ್ರ, ಗುತ್ತಾ ಕೆಲಸ ರೀ ಇದು. ಕುಂತ್ರ ನಮ್ ಹೊಟ್ಟಿಗೇನು?" ಅವರ ಮಾತಿನಲ್ಲಿ ನ್ಯಾಯ ಇದೆ. ಪ್ಲಾಸ್ಟರಿಂಗ್, ಸೆಂಟ್ರಿಂಗ್, ಟೈಲ್ಸ್ ಎಲ್ಲ ಚದರಡಿ ಲೆಕ್ಕದ ಗುತ್ತಾ. ಎಷ್ಟು ಮಾಡಿದರೆ ಅಷ್ಟು ದುಡ್ಡು. ಅಲ್ಲಿ ಯಾರೂ ಚಾಟಿ ಹಿಡಿದು ನಿಂತಿರುವುದಿಲ್ಲ, ಅವರೇ ಬಿಸಿಲಲ್ಲಿ ನಿಲ್ಲುತ್ತಾರೆ, ಯಾಕೆಂದರೆ ಕೂತ ಹೊತ್ತಿಗೆ ಕೂಲಿ ಇಲ್ಲ. ದಿನಗೂಲಿಯವರದು ಇನ್ನೊಂದು ಕಷ್ಟ. ಕೂಲಿ ಹುಡುಕಿ ನಿಲ್ಲುವ ನಾಕಾದಲ್ಲಿ ಜನ ಸೇರುವುದೇ ಎಂಟರ ಮೇಲೆ. ತಾಂಡಾಗಳಿಂದ, ಹಳ್ಳಿಗಳಿಂದ ಬರುವವರಿಗೆ ಬಸ್ ಬೇಕು. ಹೆಂಗಸರು ರೊಟ್ಟಿ ಬಡಿದು, ಮಕ್ಕಳನ್ನು ನೋಡಿ ಹೊರಡಬೇಕು. ಹನ್ನೊಂದರಿಂದ ನಾಲ್ಕರವರೆಗೆ ಐದು ತಾಸು ಅವರು ಎಲ್ಲಿ ಕೂರಬೇಕು? ಊರಿಗೆ ಹೋಗಿ ಬರುವ ಹಾಗಿಲ್ಲ, ಸೈಟಿನಲ್ಲಿ ನೆರಳಿಲ್ಲ. ಕಲಸಿದ ಕಾಂಕ್ರೀಟ್ ತರುವ ರೆಡಿಮಿಕ್ಸ್ ಗಾಡಿ ಬರುವ ಹೊತ್ತು ಪ್ಲಾಂಟಿನವರ ಕೈಯಲ್ಲಿದೆ. ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳದೆ "ಮಧ್ಯಾಹ್ನ ಕೆಲಸ ಮಾಡಿಸಬೇಡಿ" ಎಂದು ಪ್ರಕಟಣೆ ಹೊರಡಿಸಿದರೆ ಅದು ಪೇಪರಿನಲ್ಲೇ ಉಳಿಯುತ್ತದೆ.

ಆದರೆ ಆಗದ ಕೆಲಸವೂ ಅಲ್ಲ. ಪಕ್ಕದ ಕೇರಳ ನೋಡಿ. ಅಲ್ಲಿ ಬೇಸಿಗೆ ಬಂದರೆ ಕಾರ್ಮಿಕ ಇಲಾಖೆ ಆದೇಶ ಹೊರಡಿಸುತ್ತದೆ: ಬಿಸಿಲಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಡುವು, ಬೆಳಿಗ್ಗೆ 7ರಿಂದ ಸಂಜೆ 7ರ ನಡುವೆ ಎಂಟು ಗಂಟೆ ಕೆಲಸ ಹೊಂದಿಸಿಕೊಳ್ಳಬೇಕು. ನಮ್ಮಷ್ಟು ಬಿಸಿಲೂ ಅಲ್ಲಿಲ್ಲ. ಆದರೆ ಸೆಕೆ ಜಾಸ್ತಿ, ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಮಂಗಳೂರು, ಉಡುಪಿಯವರು 35 ಡಿಗ್ರಿ ಎಂದು ನಿರಾಳವಾಗಿ ಇರುವ ಹಾಗಿಲ್ಲ ಎನ್ನುವುದಕ್ಕೂ ಇದೇ ಕಾರಣ. ಅದೇ ಮಂಗಳೂರು ಕಡೆಯಿಂದ ಗಲ್ಫಿಗೆ ಹೋದವರನ್ನು ಕೇಳಿದರೆ ಹೇಳುತ್ತಾರೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ, ಮಾಡಿಸಿದರೆ ತಲೆಗೆ 5,000 ದಿರ್ಹಮ್ ದಂಡ. ಕತಾರಿನಲ್ಲಿ 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ 3.30ರವರೆಗೆ ನಿಷೇಧ. ಕಾರ್ಮಿಕರ ವಿಷಯದಲ್ಲಿ ಗಲ್ಫ್ ದೇಶಗಳನ್ನು ಹೊಗಳುವ ಮನುಷ್ಯ ನಾನಲ್ಲ, ಅಲ್ಲಿನ ಕಥೆ ಬೇರೆಯೇ ಇದೆ. ಅಷ್ಟಾದರೂ ಅಲ್ಲಿ ಗಡಿಯಾರಕ್ಕೊಂದು ಕಾನೂನು ಇದೆ. 2024ರ ಮೇ ಕೊನೆಯಲ್ಲಿ ದಿಲ್ಲಿ ಕುದಿಯುತ್ತಿದ್ದಾಗ ಅಲ್ಲಿನ ಲೆಫ್ಟಿನೆಂಟ್ ಗವರ್ನರ್ 12ರಿಂದ 3ರವರೆಗೆ ಕಾರ್ಮಿಕರಿಗೆ ಬಿಡುವು ಕೊಡಿ, ಆ ಹೊತ್ತಿನ ಕೂಲಿ ಕತ್ತರಿಸಬೇಡಿ ಎಂದು ಸೂಚಿಸಿದ್ದರು. ಕೂಲಿ ಕತ್ತರಿಸಬೇಡಿ ಎನ್ನುವ ಆ ಮಾತೇ ನಮಗೂ ಬೇಕಾದದ್ದು.

ನಮ್ಮದೇ ಸರ್ಕಾರಕ್ಕೆ ಈ ತತ್ವ ಹೊಸದೇನಲ್ಲ. ನರೇಗಾ ಕೂಲಿಯಲ್ಲಿ ಬೇಸಿಗೆ ತಿಂಗಳಲ್ಲಿ ಕೆಲಸದ ಅಳತೆ ಕಡಿಮೆ ಮಾಡಿ ಪೂರ್ತಿ ಕೂಲಿ ಕೊಡುತ್ತಿದ್ದರು, ಕಲಬುರಗಿ ವಿಭಾಗಕ್ಕೂ ಆ ರಿಯಾಯಿತಿ ಇತ್ತು. ಕೆರೆ ಹೂಳೆತ್ತುವವರಿಗೆ ಬಿಸಿಲು ಇದೆ ಎಂದು ಒಪ್ಪಿದ ಮೇಲೆ ಪಕ್ಕದಲ್ಲಿ ಶಾಲೆ ಕೋಣೆ ಕಟ್ಟುವವರಿಗೆ ಇಲ್ಲ ಎನ್ನುವುದು ಹೇಗೆ?

ದುಡ್ಡು ಎಲ್ಲಿಂದ ಎಂದು ಕೇಳುತ್ತಾರೆ. ಸರ್ಕಾರಿ ಕೆಲಸದಲ್ಲಿ ಇದು ಎಸ್ಟಿಮೇಟಿನಲ್ಲೇ ಬರಬೇಕು. ನಾನು ನೋಡಿದ ಟೆಂಡರುಗಳಲ್ಲಿ "ಗುತ್ತಿಗೆದಾರನು ಕಾರ್ಮಿಕರಿಗೆ ಕುಡಿಯುವ ನೀರು, ನೆರಳು ಒದಗಿಸತಕ್ಕದ್ದು" ಎಂದು ಒಂದು ಸಾಲು ಷರತ್ತಿನಲ್ಲಿ ಇರುತ್ತದೆ. ಅದಕ್ಕೆ ಪ್ರತ್ಯೇಕ ಐಟಂ ಇಲ್ಲ, ರೇಟ್ ಇಲ್ಲ, ಅಳತೆ ಪುಸ್ತಕದಲ್ಲಿ ಬರೆಯುವ ಹಾಗಿಲ್ಲ. ಬಿಲ್ಲಿನಲ್ಲಿ ಬರದ ಕೆಲಸ ಸೈಟಿನಲ್ಲೂ ಬರುವುದಿಲ್ಲ, ಈ ಲೈನಿನಲ್ಲಿರುವ ಎಲ್ಲರಿಗೂ ಗೊತ್ತು. ನೆರಳುಬಲೆ ಇಷ್ಟು ಚದರ ಮೀಟರ್, ನೀರು ದಿನಕ್ಕೆ ಇಷ್ಟು ಲೀಟರ್, ಶೌಚಾಲಯ ಇಷ್ಟು ಎಂದು ಐಟಂ ಮಾಡಿ ರೇಟ್ ಹಾಕಿ. ಆಗ ಎಂಜಿನಿಯರ್ ಅಳೆಯುತ್ತಾರೆ, ಗುತ್ತಿಗೆದಾರ ಮಾಡುತ್ತಾನೆ. ಇನ್ನೊಂದು ಕೆಲಸದ ಅವಧಿ. ಮಳೆಯಿಂದ ತಡವಾಯಿತು ಎಂದರೆ ಅವಧಿ ವಿಸ್ತರಣೆ ಸಿಗುತ್ತದೆ. ಬಿಸಿಲಿನಿಂದ ನಿಲ್ಲಿಸಿದೆವು ಎಂದು ಬರೆದು ಕೊಡಿ ನೋಡೋಣ, ನಗುತ್ತಾರೆ. ಮಳೆಗಾಲಕ್ಕೆ ಮುಂಚೆ ಮುಗಿಸಬೇಕು ಎಂಬ ಗಡಿಬಿಡಿ ಎಲ್ಲ ಬೀಳುವುದು ಇದೇ ಏಪ್ರಿಲ್, ಮೇ ತಿಂಗಳಲ್ಲಿ. ಟೆಂಡರ್ ಕರೆಯುವಾಗಲೇ ಈ ಎರಡು ತಿಂಗಳಿಗೆ ಕಡಿಮೆ ಕೆಲಸದ ಲೆಕ್ಕ ಇಟ್ಟರೆ ಯಾರಿಗೂ ನಷ್ಟವಿಲ್ಲ. ಗುತ್ತಾ ಕೆಲಸದ ರೇಟಿಗೂ ಬೇಸಿಗೆಯಲ್ಲಿ ಸ್ವಲ್ಪ ಜಾಸ್ತಿ ಹಾಕಬೇಕು, ನರೇಗಾದಲ್ಲಿ ಅಳತೆ ಇಳಿಸಿದ ಹಾಗೆಯೇ ಇದು.

ಖಾಸಗಿ ಕೆಲಸಕ್ಕೆ ಬೇರೆ ದಾರಿ. ಕಟ್ಟಡ ವೆಚ್ಚದ ಶೇ 1ರಷ್ಟು ಸೆಸ್ ಕಾರ್ಮಿಕರ ಹೆಸರಿನಲ್ಲೇ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಆ ದುಡ್ಡಿನಲ್ಲಿ ಕಿಟ್ ಹಂಚುವುದು, ಸಹಾಯಧನ ಕೊಡುವುದು ನಡೆಯುತ್ತದೆ, ಬೇಡ ಎನ್ನುವುದಿಲ್ಲ. ಅದರ ಜೊತೆಗೆ ಎರಡು ತಿಂಗಳ ಮಟ್ಟಿಗೆ ನಾಕಾಗಳಲ್ಲಿ, ದೊಡ್ಡ ಸೈಟುಗಳ ಹತ್ತಿರ ನೆರಳಿನ ಚಪ್ಪರ, ತಣ್ಣೀರು, ಓಆರ್‌ಎಸ್, ಹೆಂಗಸರಿಗೆ ಶೌಚಾಲಯ ಮಾಡಿದರೆ ಆ ಐದು ತಾಸು ಎಲ್ಲಿ ಕೂರಬೇಕು ಎನ್ನುವ ಪ್ರಶ್ನೆಗಾದರೂ ಉತ್ತರ ಸಿಗುತ್ತದೆ. ಬೆಳಿಗ್ಗೆ ಐದೂವರೆಗೆ ನಾಲ್ಕು ಬಸ್ ಜಾಸ್ತಿ ಬಿಟ್ಟರೆ ಆರಕ್ಕೆ ಕೆಲಸ ಶುರುವಾಗುತ್ತದೆ. ಕಚೇರಿ ಎಂಟಕ್ಕೇ ತೆರೆಯುವುದರಿಂದ ಅಧಿಕಾರಿಗಳ ತಪಾಸಣೆಗೂ ತೊಂದರೆಯಿಲ್ಲ.

ಬೆಂಗಳೂರಿನ ಓದುಗರು ಇದು ನಮ್ಮ ವಿಷಯವಲ್ಲ ಎಂದುಕೊಳ್ಳಬಾರದು. 2016ರ ಏಪ್ರಿಲಿನಲ್ಲಿ ಅಲ್ಲಿ 39.2 ಆಗಿತ್ತು, 2024ರ ಏಪ್ರಿಲಿನಲ್ಲಿ 38.5 ಮುಟ್ಟಿತು. ಅಲ್ಲಿ ಮನೆ, ಮೆಟ್ರೊ, ಅಪಾರ್ಟ್‌ಮೆಂಟ್ ಕಟ್ಟುವವರಲ್ಲಿ ನಮ್ಮ ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಗುಳೆ ಹೋದವರು ಎಷ್ಟೋ ಜನ. ಅವರು ರಾತ್ರಿ ಮಲಗುವುದು ತಗಡಿನ ಶೆಡ್ಡಿನಲ್ಲಿ. ಹಗಲೆಲ್ಲ ಕಾದ ತಗಡು, ಒಳಗೆ ಒಂದೇ ಸಾಲಿನಲ್ಲಿ ಹತ್ತಾರು ಜನ, ಕಿಟಕಿ ಇಲ್ಲ. ಹಗಲು ಏರಿದ ಬಿಸಿ ರಾತ್ರಿ ಇಳಿಯದಿದ್ದರೆ ಮರುದಿನ ಬೆಳಿಗ್ಗೆ ಸುಸ್ತಿನಿಂದಲೇ ಶುರು, ಹೊಡೆತ ಬೀಳುವುದು ಎರಡನೆಯ ಮೂರನೆಯ ದಿನ. ತಗಡಿನ ಮೇಲೆ ಬಿಳಿ ಸುಣ್ಣ ಬಳಿದು, ಕೆಳಗೆ ಚಾಪೆಯದೋ ಥರ್ಮಾಕೋಲಿನದೋ ಒಂದು ಪದರ ಕಟ್ಟಿ, ಎದುರುಬದುರು ಎರಡು ಕಿಂಡಿ ಕೊಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ನಾವು ಸ್ಟೋರ್ ಶೆಡ್ಡಿಗೆ ಸುಣ್ಣ ಬಳಿಸಿ ನೋಡಿದ್ದೇವೆ, ಮಧ್ಯಾಹ್ನ ಒಳಗೆ ನಿಲ್ಲುವ ಹಾಗಾಯಿತು.

ಸಾವಿನ ಲೆಕ್ಕದ ಬಗ್ಗೆಯೂ ಒಂದು ಮಾತು. ಸೈಟಿನಲ್ಲಿ ಮಧ್ಯಾಹ್ನ ಕುಸಿದು ಸತ್ತವನ ಕಾಗದದಲ್ಲಿ ಎದೆನೋವು, ಹೃದಯಾಘಾತ ಎಂದೇ ಬರೆಸುತ್ತಾರೆ. ಮೈ ಬಿಸಿ ಎಷ್ಟಿತ್ತು ಎಂದು ಅಳೆದವರು ಯಾರೂ ಇರುವುದಿಲ್ಲ. ಬಿಸಿಲಿನಿಂದ ಎಂದು ಬರೆಯದಿದ್ದರೆ ಕೆಲಸದಿಂದ ಆದ ಸಾವು ಎಂದು ಪರಿಹಾರ ಕೇಳುವುದು ಕಷ್ಟ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ಎಷ್ಟು ಜನ ಸತ್ತರು ಎಂದು ಹಿಂದಿನ ವರ್ಷಗಳ ಜೊತೆ ಹೋಲಿಸಿ ನೋಡಿದಾಗ 1,344 ಸಾವು ಜಾಸ್ತಿ ಇತ್ತು. ಒಬ್ಬೊಬ್ಬರ ಕಾಗದದಲ್ಲಿ ಬಿಸಿಲು ಎಂದು ಬರೆದಿರಲಿಲ್ಲ, ಒಟ್ಟು ಲೆಕ್ಕ ಹಾಕಿದಾಗಲೇ ಕಂಡದ್ದು. ಅದರ ಮೇಲೆಯೇ 2013ರಲ್ಲಿ ಆ ನಗರ ಬಿಸಿಲಿಗೆಂದೇ ಒಂದು ಯೋಜನೆ ಮಾಡಿತು. ನಮ್ಮ ಜಿಲ್ಲಾ ಆಸ್ಪತ್ರೆಗಳ, ಸ್ಮಶಾನಗಳ ಪುಸ್ತಕ ತೆಗೆದು ಏಪ್ರಿಲ್, ಮೇ ಲೆಕ್ಕವನ್ನು ಯಾರಾದರೂ ಹೀಗೆ ನೋಡಬೇಕು. ನಿಮ್ಮ ವರದಿಗಾರರಿಗೂ ಇದು ಆಗುವ ಕೆಲಸವೇ.

ಹಾಗಾಗಿ ಜಿಲ್ಲಾಧಿಕಾರಿಗಳಿಗೆ, ಕಾರ್ಮಿಕ ಇಲಾಖೆಗೆ ನನ್ನ ಕೋರಿಕೆ: ಈ ಸಲ ಕಚೇರಿ ಸಮಯದ ಆದೇಶ ಟೈಪ್ ಆಗುವಾಗ ಅದರ ಕೆಳಗೆ ಇನ್ನೊಂದು ಕಲಂ ಸೇರಿಸಿ. ಸರ್ಕಾರಿ ದುಡ್ಡಿನಲ್ಲಿ ನಡೆಯುವ ಎಲ್ಲ ಕಟ್ಟಡ, ರಸ್ತೆ, ಪೈಪ್‌ಲೈನ್ ಕೆಲಸಗಳಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಬಿಸಿಲಿನ ಕೆಲಸ ಇಲ್ಲ, ಆ ಹೊತ್ತಿಗೆ ಕೂಲಿ ಕಡಿತ ಇಲ್ಲ, ಅವಧಿ ವಿಸ್ತರಣೆ ತಾನಾಗಿ ಸಿಗುತ್ತದೆ ಎಂದು. ಮೊದಲ ವರ್ಷ ಸರ್ಕಾರಿ ಕೆಲಸಕ್ಕಷ್ಟೇ ಸಾಕು, ಖಾಸಗಿಯವರು ನೋಡಿ ಕಲಿಯುತ್ತಾರೆ, ಇಲ್ಲವೇ ಅವರ ಕೂಲಿಯವರೇ ಕೇಳುತ್ತಾರೆ. ಆದೇಶವನ್ನು ಕನ್ನಡ, ಹಿಂದಿ, ತೆಲುಗು ಮೂರರಲ್ಲೂ ಸೈಟಿನ ಬೋರ್ಡಿಗೆ ಅಂಟಿಸಿ. ಓದಲು ಬಾರದವರೂ ಇರುತ್ತಾರೆ, ಆದ್ದರಿಂದ ಏಪ್ರಿಲ್ ಮೊದಲ ವಾರ ಮೇಸ್ತ್ರಿಗಳನ್ನು ಕರೆಸಿ, ಮಾತು ತಪ್ಪಿದವನಿಗೆ ಏನು ಮಾಡಬೇಕು ಎಂದು ಒಂದು ತಾಸು ಮಾಡಿ ತೋರಿಸಿ, ಕ್ಯೂರಿಂಗ್ ಪೈಪ್ ಹಿಡಿದೇ ತೋರಿಸಿ. ಕಾರ್ಮಿಕ ಸಹಾಯವಾಣಿ 155214 ಎನ್ನುವುದನ್ನು ಅದೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿ, ಮಧ್ಯಾಹ್ನ ಎರಡು ಗಂಟೆಗೆ ಫೋನ್ ಮಾಡಿದರೆ ಎತ್ತುವವರು ಇರುವ ಹಾಗೆ ನೋಡಿಕೊಳ್ಳಿ.

– ಒಬ್ಬ ಸೈಟ್ ಸೂಪರ್‌ವೈಸರ್, ಕಲಬುರಗಿ